ಹೋಟೆಲು, ಹಾಸ್ಟೆಲು: ನಡುವಿನ ಒಂದು ಅಕ್ಷರ



ಉಡುಪಿಯಿಂದ ಪೂರ್ವಾಭಿಮುಖವಾಗಿ ನಾಲ್ಕೈದು ಕಿಲೋಮೀಟರು ಏರಿದರೆ ಮಣಿಪಾಲ. ಒಂದು ಕಾಲಕ್ಕೆ ಮುರಕಲ್ಲಿನ ಬೋಳುಗುಡ್ಡವಾಗಿದ್ದ ಈ ನೆಲದಲ್ಲಿ ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಇಂದು ಆ ಗುಡ್ಡವನ್ನು ಹತ್ತುವವರ ಕಣ್ಣಿಗೆ ಮುಖ್ಯವಾಗಿ ಮೂರು ಬಗೆಯ ಕಟ್ಟಡಗಳು ಬೀಳುತ್ತವೆ: ರೋಗಿಗಳಿಗಾಗಿ ಆಸ್ಪತ್ರೆ, ವಿದ್ಯಾರ್ಥಿಗಳಿಗಾಗಿ ಹಾಸ್ಟೆಲು, ಇವರಿಬ್ಬರನ್ನೂ ನೋಡಲು ಬರುವ ಬಂಧುಗಳಿಗಾಗಿ ಹೋಟೆಲು. ಮೂರೂ ಬೇರೆ ಬೇರೆ ಉದ್ದೇಶದ ಮನೆಗಳು. ಆದರೆ ಮೂರು ಹೆಸರುಗಳೂ ಒಂದೇ ತಾಯಿಯ ಮಕ್ಕಳೆಂಬ ಸಂಗತಿಯನ್ನು ನಮ್ಮಲ್ಲಿ ಬಹಳ ಮಂದಿ ಗಮನಿಸಿರಲಾರರು.

ಅದರಲ್ಲಿಯೂ ಹೋಟೆಲು ಮತ್ತು ಹಾಸ್ಟೆಲು ಎಂಬ ಎರಡು ಪದಗಳು ಅವಳಿಗಳಂತೆಯೇ ಇವೆ. ಇಂಗ್ಲಿಷಿನಲ್ಲಿ ಬರೆಯುವಾಗ ಇವೆರಡರ ನಡುವೆ ಇರುವ ಅಂತರ ‘ಎಸ್’ ಎಂಬ ಒಂದೇ ಒಂದು ಅಕ್ಷರದ್ದು. ಮಕ್ಕಳನ್ನು ದೂರದ ಊರಿಗೆ ಓದಲು ಕಳುಹಿಸುವ ನಮ್ಮ ಮನೆಗಳಿಗೆ ಮಾತ್ರ ಈ ಒಂದು ಅಕ್ಷರದ ಭೇದ ಕೇವಲ ನಿಘಂಟಿನ ಮಾತಾಗಿ ಉಳಿದಿಲ್ಲ. ಆದುದರಿಂದ ಈ ತಿಂಗಳ ಅಂಕಣವನ್ನು ಇವೆರಡು ಪದಗಳಿಗೆ ಮೀಸಲಿಟ್ಟಿದ್ದೇನೆ.

ಲ್ಯಾಟಿನ್ ಭಾಷೆಯಲ್ಲಿ ‘ಹಾಸ್ಪೆಸ್’ ಎಂಬುದೊಂದು ಪದ. ಅದಕ್ಕೆ ಅತಿಥಿ ಎಂಬ ಅರ್ಥವೂ ಇತ್ತು, ಅತಿಥಿಯನ್ನು ಬರಮಾಡಿಕೊಳ್ಳುವ ಮನೆಯ ಯಜಮಾನ ಎಂಬ ಅರ್ಥವೂ ಇತ್ತು. ಕೊಡುವವನಿಗೂ ಪಡೆಯುವವನಿಗೂ ಒಂದೇ ಹೆಸರು! ಈ ಪದದಿಂದ ಮಧ್ಯಯುಗದಲ್ಲಿ ಅತಿಥಿಗಳು ತಂಗುವ ದೊಡ್ಡ ಮನೆಗೆ ‘ಹಾಸ್ಪಿಟಾಲೆ’ ಎಂಬ ಹೆಸರು ಹುಟ್ಟಿತು. ಯಾತ್ರಿಕರು, ಬಡವರು, ದಾರಿಯಲ್ಲಿ ಕಾಯಿಲೆ ಬಿದ್ದವರು ಎಲ್ಲರೂ ಆಶ್ರಯ ಪಡೆಯುತ್ತಿದ್ದ ಮನೆ ಅದು. ಅಲ್ಲಿ ರೋಗಿಗಳ ಶುಶ್ರೂಷೆಯೇ ಪ್ರಧಾನವಾದಾಗ ಅದು ಇಂಗ್ಲಿಷಿನ ‘ಹಾಸ್ಪಿಟಲ್’ ಆಯಿತು. ಆ ಪದವೇ ನಮ್ಮವರ ನಾಲಗೆಯಲ್ಲಿ ಹೊರಳಿ ‘ಆಸ್ಪತ್ರೆ’ಯಾಗಿ, ಅಚ್ಚಕನ್ನಡವೋ ಎಂಬಂತೆ ನೆಲೆಸಿತು. ಅದೇ ಹಾಸ್ಪಿಟಾಲೆ ಹಳೆಯ ಫ್ರೆಂಚ್ ಭಾಷೆಯಲ್ಲಿ ಸವೆದು ‘ಹಾಸ್ಟೆಲ್’ ಆಯಿತು. ಇಂಗ್ಲಿಷರು ಅದನ್ನು ಹದಿಮೂರನೆಯ ಶತಮಾನದಲ್ಲಿಯೇ ಎರವಲು ಪಡೆದು, ತಂಗುಮನೆ ಎಂಬ ಅರ್ಥದಲ್ಲಿ ಬಳಸಿದರು.

ಇತ್ತ ಫ್ರೆಂಚರು ಕಾಲಕ್ರಮೇಣ ನಡುವಿನ ‘ಎಸ್’ ಧ್ವನಿಯನ್ನು ಉಚ್ಚರಿಸುವುದನ್ನು ಬಿಟ್ಟರು. ಬರವಣಿಗೆಯಲ್ಲಿ ಅದರ ಹಿಂದಿನ ‘ಓ’ ಅಕ್ಷರದ ತಲೆಯ ಮೇಲೆ ಚಿಕ್ಕ ಟೋಪಿಯಂತಹ ಗುರುತೊಂದನ್ನು ಇಟ್ಟು, ಇಲ್ಲಿ ಒಂದು ಅಕ್ಷರ ಸತ್ತಿದೆ ಎಂಬ ಸ್ಮಾರಕವನ್ನು ಉಳಿಸಿಕೊಂಡರು. ಹೀಗೆ ಹಾಸ್ಟೆಲು ಫ್ರಾನ್ಸಿನಲ್ಲಿ ‘ಓಟೆಲ್’ ಆಯಿತು. ಫ್ರೆಂಚರಿಗೆ ಆ ಪದದಲ್ಲಿ ವ್ಯಾಪಾರದ ವಾಸನೆ ಇರಲೇಬೇಕೆಂದಿಲ್ಲ. ಪ್ಯಾರಿಸ್ಸಿನ ನಗರಸಭೆಯ ಕಟ್ಟಡಕ್ಕೆ ಈಗಲೂ ‘ನಗರದ ಓಟೆಲ್’ ಎಂದೇ ಹೆಸರು. ಅಲ್ಲಿನ ಅತಿ ಪುರಾತನ ಆಸ್ಪತ್ರೆಯ ಹೆಸರು ‘ದೇವರ ಓಟೆಲ್’ ಎಂಬ ಅರ್ಥದ್ದು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲಿಷರು ಇದೇ ಪದವನ್ನು ಎರಡನೆಯ ಬಾರಿ ಎರವಲು ತಂದು, ಹಣ ಕೊಟ್ಟು ತಂಗುವ ಉತ್ತಮ ದರ್ಜೆಯ ಮನೆಗೆ ಇಟ್ಟರು. ಆ ವೇಳೆಗೆ ಅವರ ಹಳೆಯ ಹಾಸ್ಟೆಲು ಬಳಕೆ ತಪ್ಪಿ ಮರೆಯಾಗಿತ್ತು. 1808ರ ಸುಮಾರಿಗೆ ಸರ್ ವಾಲ್ಟರ್ ಸ್ಕಾಟ್ ಅದನ್ನು ತಮ್ಮ ಬರಹದ ಮೂಲಕ ಮತ್ತೆ ಚಲಾವಣೆಗೆ ತಂದರೆಂದು ಪದಕೋಶಕಾರರು ಹೇಳುತ್ತಾರೆ. ಮುಂದೆ 1912ರಲ್ಲಿ ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮಾಸ್ತರರು, ಕಾಲ್ನಡಿಗೆಯ ಪ್ರವಾಸಕ್ಕೆ ಹೊರಟ ಮಕ್ಕಳು ಮಲಗುವುದಕ್ಕೆಂದು ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಶಾಶ್ವತವಾದ ಯುವನಿಲಯವನ್ನು ತೆರೆದ ಮೇಲೆ ಹಾಸ್ಟೆಲು ಎಂಬ ಪದಕ್ಕೆ ಎಳೆಯರ ನಂಟು ಇನ್ನೂ ಗಟ್ಟಿಯಾಯಿತು.

ಒಂದೇ ಪದ, ಎರಡು ಬಾರಿ ಬಂದದ್ದು. ಮೊದಲು ಬಂದುದರಲ್ಲಿ ಆಶ್ರಯದ ಅರ್ಥ ನಿಂತಿತು, ಎರಡನೆಯ ಬಾರಿ ಬಂದುದರಲ್ಲಿ ಬೆಲೆಯ ಅರ್ಥ ಸೇರಿತು. ಇಷ್ಟು ಇಂಗ್ಲಿಷಿನ ಕಥೆ. ಇವು ಕನ್ನಡಕ್ಕೆ ಬಂದಾಗ ನಡೆದುದು ಇನ್ನೂ ಸ್ವಾರಸ್ಯಕರ.

‘ಹೋಟೆಲಿಗೆ ಹೋಗೋಣ’ ಎಂದು ನಮ್ಮಲ್ಲಿ ಯಾರಾದರೂ ಹೇಳಿದರೆ, ಅಲ್ಲಿ ಹಾಸಿಗೆ ಬಿಡಿಸಿ ಮಲಗೋಣ ಎಂದು ಯಾರೂ ತಿಳಿಯುವುದಿಲ್ಲ. ಕನ್ನಡಿಗರಿಗೆ ಹೋಟೆಲೆಂದರೆ ಇಡ್ಲಿ, ದೋಸೆ, ಕಾಫಿ. ಮಲಗುವ ಜಾಗಕ್ಕೆ ನಾವು ‘ಲಾಡ್ಜು’ ಎಂಬ ಇನ್ನೊಂದು ಪದವನ್ನು ಹುಡುಕಿಕೊಂಡೆವು. ಇಂಗ್ಲಿಷ್ ಪಂಡಿತರು ಇದನ್ನು ತಪ್ಪು ಬಳಕೆ ಎಂದು ಎಣಿಸಬಹುದು. ನನಗೆ ಹಾಗೆನಿಸುವುದಿಲ್ಲ. ನಮ್ಮ ಪ್ರಯಾಣಿಕನಿಗೆ ಮಲಗುವ ಸ್ಥಳದ ಕೊರತೆ ಎಂದೂ ಅಷ್ಟಾಗಿ ಇರಲಿಲ್ಲ. ಛತ್ರವಿತ್ತು, ಮಠವಿತ್ತು, ದೇವಾಲಯದ ಪೌಳಿಯಿತ್ತು, ಏನೂ ಇಲ್ಲವೆಂದರೆ ಪರಿಚಯದವರ ಜಗಲಿಯಿತ್ತು. ಇಲ್ಲದಿದ್ದುದು ಹಣ ಕೊಟ್ಟು ಉಣ್ಣುವ ಊಟ. ಅನ್ನವಿಕ್ರಯ, ಅಂದರೆ ಬೇಯಿಸಿದ ಅನ್ನವನ್ನು ಮಾರುವುದು, ಪಾಪವೆಂದು ನಂಬಿದ್ದ ಸಮಾಜ ನಮ್ಮದು. ಆ ನಂಬಿಕೆಯನ್ನು ಮೀರಿ ನಡೆದ ಹೊಸ ಉದ್ಯಮಕ್ಕೆ ಹೊಸ ಹೆಸರೇ ಬೇಕಾಗಿತ್ತು. ಆಗ ಕೈಗೆ ಸಿಕ್ಕ ಹೊಸ ಪದ ಹೋಟೆಲು.

ಆ ಉದ್ಯಮಕ್ಕೆ ತನ್ನ ಹೆಸರನ್ನೇ ಕೊಟ್ಟ ಊರು ಉಡುಪಿ. ಇಲ್ಲಿನ ವಿಚಿತ್ರವನ್ನು ನೋಡಿ. ಶ್ರೀಕೃಷ್ಣ ಮಠದಲ್ಲಿ ಬಂದ ಭಕ್ತರಿಗೆ ಊಟಕ್ಕೆ ಬೆಲೆಯಿಲ್ಲ. ಅಂತಹ ಅನ್ನಸಂತರ್ಪಣೆಯ ಊರಿನ ಸುತ್ತಮುತ್ತಣ ಅಡಿಗೆಯವರೇ ಹೊರಗೆ ಹೋಗಿ ದೇಶಕ್ಕೆಲ್ಲ ಊಟ ಮಾರುವುದನ್ನು ಕಲಿಸಿದರು. ಬೆಂಗಳೂರಿನಲ್ಲಿ 1924ರಲ್ಲಿ ಕೋಟದ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು ತೆರೆದ ಉಪಾಹಾರಗೃಹ ಇಂದು ಎಂ. ಟಿ. ಆರ್. ಎಂದು ಲೋಕವಿಖ್ಯಾತವಾಗಿದೆ. ಮದರಾಸಿನಲ್ಲಿ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ತೆರೆದ ಊಟದ ಮನೆಯ ಹೆಸರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1943ರಲ್ಲಿ ಬೆಂಗಳೂರಿನ ಗಾಂಧಿಬಜಾರಿನಲ್ಲಿ ಸಾಲಿಗ್ರಾಮದ ವೆಂಕಟರಮಣ ಉರಾಳರು ತೆರೆದ ಹೋಟೆಲಿನ ಹೆಸರು ಇನ್ನೂ ಸೊಗಸಾದುದು: ವಿದ್ಯಾರ್ಥಿ ಭವನ. ಹೆಸರನ್ನಷ್ಟೇ ಓದಿದವರು ಅದನ್ನು ಹಾಸ್ಟೆಲೆಂದು ತಿಳಿದು ಹಾಸಿಗೆ ಸುತ್ತಿಕೊಂಡು ಹೋದರೆ ತಪ್ಪು ಅವರದಲ್ಲ! ಅಲ್ಲಿ ದೊರೆಯುವುದು ಮಸಾಲೆದೋಸೆ.

ಆದರೆ ಈ ಮಧುರವಾದ ಚರಿತ್ರೆಯಲ್ಲಿ ಕಹಿಯೂ ಇದೆ. ಎಂ. ಟಿ. ಆರ್. ಸಂಸ್ಥೆಯ ಮೊದಲ ಹೆಸರು ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಅಂದಿನ ದಿನಗಳಲ್ಲಿ ಫಲಕದ ಮೇಲೆ ಜಾತಿಯ ಹೆಸರನ್ನು ಬರೆಯುವುದು ವಾಡಿಕೆಯಾಗಿತ್ತು. ಮಾಡಿದವರು ಯಾರೆಂದು ತಿಳಿದಲ್ಲದೆ ಉಣ್ಣದವರ ಕಾಲ ಅದು. ಅನೇಕ ಹೋಟೆಲುಗಳಲ್ಲಿ ಒಳಗಿನ ಪಂಕ್ತಿ ಕೆಲವರಿಗೆ, ಹೊರಗಿನ ಬೆಂಚು ಉಳಿದವರಿಗೆ, ಇನ್ನೂ ಕೆಲವರಿಗೆ ಬೀದಿಯೇ ಗತಿ ಎಂಬ ವ್ಯವಸ್ಥೆಯಿತ್ತು. ಮದರಾಸಿನಲ್ಲಿ 1957ರಲ್ಲಿ ಹೋಟೆಲಿನ ಫಲಕದಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಯಬೇಕೆಂದು ಪೆರಿಯಾರ್ ಅವರು ಚಳವಳಿಯನ್ನೇ ಹೂಡಿದರು. ಇದನ್ನು ಓದಿ ನಮ್ಮವರು ಬೀಗಬೇಕಾದುದಿಲ್ಲ. ಹುಬ್ಬಳ್ಳಿ, ಧಾರವಾಡಗಳ ಬೀದಿಗಳಲ್ಲಿ ‘ಲಿಂಗಾಯತ ಖಾನಾವಳಿ’ ಎಂಬ ಫಲಕಗಳನ್ನು ನಾವು ನೋಡುತ್ತಲೇ ಬಂದಿದ್ದೇವೆ. ಇಂದು ಆ ಫಲಕದ ಅರ್ಥ, ಇಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ದೊರೆಯುತ್ತದೆ, ಮಾಂಸವಿಲ್ಲ ಎಂದಷ್ಟೇ. ಬರೆಯಲಾರಂಭಿಸಿದ ದಿನಗಳಲ್ಲಿಯೂ ಅಷ್ಟೇ ಅರ್ಥವಿತ್ತೆಂದು ಎದೆ ಮುಟ್ಟಿ ಹೇಳಬಲ್ಲವರು ಎಷ್ಟು ಮಂದಿ?

ಈ ಕಾರಣದಿಂದಲೇ ನಮ್ಮ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಹೋಟೆಲು ಎಂಬ ಪದವೇ ಸ್ಥಾನ ಪಡೆದಿದೆ. ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶವನ್ನು ತಡೆಯುವಂತಿಲ್ಲ ಎಂಬುದು ಅದರ ಸಾರ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾನೂನು ಬಂದಿತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾನೂನು ಎಂದು ಹೆಸರು ಬದಲಾಯಿತು. ಈ ಕಾನೂನನ್ನು ಬರೆದವರು ನಮ್ಮ ಎರಡು ಪದಗಳನ್ನು ಎಲ್ಲೆಲ್ಲಿ ಇಟ್ಟಿದ್ದಾರೆಂಬುದು ಗಮನಾರ್ಹ. ಹೋಟೆಲು 4ನೆಯ ಕಲಮಿನಲ್ಲಿ ಅಂಗಡಿ, ಉಪಾಹಾರಗೃಹಗಳ ಜೊತೆಗಿದೆ. ಹಾಸ್ಟೆಲು 5ನೆಯ ಕಲಮಿನಲ್ಲಿ ಆಸ್ಪತ್ರೆ, ಔಷಧಾಲಯ, ಶಾಲೆಗಳ ಜೊತೆಗಿದೆ. ಒಂದೇ ಗರ್ಭದಿಂದ ಬಂದ ಪದಗಳಲ್ಲಿ ಒಂದು ಮಾರುಕಟ್ಟೆಯ ಪಂಕ್ತಿಯಲ್ಲಿ ಕುಳಿತಿತು, ಇನ್ನೊಂದು ತನ್ನ ಹಳೆಯ ಸೋದರಿಯಾದ ಆಸ್ಪತ್ರೆಯ ಪಕ್ಕದಲ್ಲಿಯೇ ಉಳಿಯಿತು.

ಹೋಟೆಲನ್ನು ನಾನು ಹೀನೈಸುತ್ತಿಲ್ಲ. ಕಾನೂನು ಬಂದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೇಳುವ ಪ್ರಶ್ನೆ ಒಂದೇ: ಏನು ಬೇಕು? ನೀನು ಯಾರ ಮಗ, ಯಾವ ಊರು, ಯಾವ ಕುಲ ಎಂಬ ಪ್ರಶ್ನೆಗಳಿಗೆ ಅಲ್ಲಿ ಅವಕಾಶವಿಲ್ಲ. ಹಣ ಕೊಟ್ಟವನು ಕುಳಿತು ತಿಂದು ಎದ್ದು ಹೋಗುತ್ತಾನೆ. ಶತಮಾನಗಳಿಂದ ಪಂಕ್ತಿಯಿಂದ ಎಬ್ಬಿಸಲ್ಪಟ್ಟವರಿಗೆ ಇದು ಸಣ್ಣ ಬಿಡುಗಡೆಯಲ್ಲ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಊಟ ಮಾಡಿದವನು ಬಾಗಿಲು ದಾಟಿದ ಮೇಲೆ ಎಲ್ಲಿಗೆ ಹೋದ, ರಾತ್ರಿ ಮನೆ ಸೇರಿದನೇ, ನಾಳೆ ಏಕೆ ಬರಲಿಲ್ಲ ಎಂಬುದು ಹೋಟೆಲಿನ ಚಿಂತೆಯಲ್ಲ. ಆ ಚಿಂತೆಯನ್ನು ಹೊತ್ತುಕೊಂಡ ಮನೆಯೇ ಹಾಸ್ಟೆಲು.

ಹಾಸ್ಟೆಲುಗಳಿಲ್ಲದ ಕಾಲದಲ್ಲಿ ಬಡ ವಿದ್ಯಾರ್ಥಿಗಳು ಹೇಗೆ ಓದಿದರೆಂಬುದನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಬ್ರಾಹ್ಮಣರ ಹುಡುಗರಿಗೆ ವಾರಾನ್ನವೆಂಬುದೊಂದಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಬಾಗಿಲು. ಹಳ್ಳಿಯ ಒಕ್ಕಲು ಮಕ್ಕಳಿಗೆ ಪಟ್ಟಣದಲ್ಲಿ ಆ ಬಾಗಿಲುಗಳೂ ಇರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗಂತೂ ಶಾಲೆಯ ಅಂಗಳವೇ ದೂರ. ಮಂಗಳೂರಿನಲ್ಲಿ 1897ರಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿದ ಕುದ್ಮುಲ್ ರಂಗರಾಯರು ಶಾಲೆಯೊಂದನ್ನು ತೆರೆದು ಸುಮ್ಮನಾಗಲಿಲ್ಲ, ಆ ಮಕ್ಕಳಿಗೆ ನಿಲಯವನ್ನೂ ಒದಗಿಸಿದರು. ಅದಕ್ಕಾಗಿ ಸ್ವಜಾತಿಯವರಿಂದ ಬಹಿಷ್ಕಾರವನ್ನೂ ಉಂಡರು. ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ಆರಂಭಿಸಿ ಬೇರೆ ಬೇರೆ ಸಮುದಾಯಗಳಿಗೆ ವಿದ್ಯಾರ್ಥಿನಿಲಯಗಳನ್ನು ತೆರೆಸಿದರು. ಅವುಗಳಲ್ಲಿ ಲಿಂಗಾಯತ ವಿದ್ಯಾರ್ಥಿಗಳದೂ ಒಂದು.

ನಮ್ಮವರಲ್ಲಿ ಈ ಎರಡೂ ಪದಗಳ ಅರ್ಥವನ್ನು ಕಂಡು ನಡೆದವರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು. ಬೆಂಗಳೂರು ರೈಲು ನಿಲ್ದಾಣದ ಸಮೀಪದಲ್ಲಿ 1903ರಲ್ಲಿ ಅವರ ಛತ್ರ ಆರಂಭವಾಯಿತು. ಅದು ಪ್ರಯಾಣಿಕರಿಗೆ. ಯಾವ ಮತದವರಾದರೂ ಬಂದು ತಂಗಬಹುದು, ಕೆಲವು ದಿನವಿದ್ದು ಹೊರಡಬೇಕು. ಅವರ ದತ್ತಿಯಿಂದ ನಡೆದ ಉಚಿತ ವಿದ್ಯಾರ್ಥಿನಿಲಯ ಸಮಾಜದ ಮಕ್ಕಳಿಗೆ. ಅಲ್ಲಿ ಓದು ಮುಗಿಯುವವರೆಗೂ ಇರಬಹುದು. ಬಂದು ಹೋಗುವವರಿಗೆ ಒಂದು ಮನೆ, ಇದ್ದು ಬೆಳೆಯುವವರಿಗೆ ಇನ್ನೊಂದು ಮನೆ ಎಂಬ ವಿವೇಕ ಆ ವರ್ತಕರಿಗಿತ್ತು.

ನಮ್ಮ ಮಠಗಳು ಹಾಸ್ಟೆಲಿಗೆ ಇಟ್ಟ ಹೆಸರು ‘ಪ್ರಸಾದ ನಿಲಯ’. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದ ಪದವಿಲ್ಲ. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ, ಸುತ್ತೂರು ಮಠಗಳ ನಿಲಯಗಳಲ್ಲಿ ಉಂಡು ಓದಿದವರು ಇಂದು ನಾಡಿನ ಮೂಲೆಮೂಲೆಯಲ್ಲಿದ್ದಾರೆ. ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದಿರುವ ಹಿರಿಯರಲ್ಲಿಯೂ ಕೆಲವರು ಅಂತಹವರೇ ಆಗಿರಬಹುದು. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿಗೆ ಹೋಗಿ ತಂದ ಕಾಳಿನಿಂದ ಅಲ್ಲಿನ ಒಲೆ ಉರಿಯುತ್ತಿತ್ತು. ಹುಡುಗರು ಬೆಳಗಿನಲ್ಲಿ ಎದ್ದು ಮಿಂದು ಇಷ್ಟಲಿಂಗ ಪೂಜೆಗೆ ಕೂರಬೇಕು, ಅನ್ನವನ್ನು ತಟ್ಟೆಯಲ್ಲಿ ಬಿಡಬಾರದು, ಉಂಡ ತಟ್ಟೆಯನ್ನು ತಾವೇ ತೊಳೆಯಬೇಕು. ಹೋಟೆಲಿನಲ್ಲಿ ಊಟಕ್ಕೆ ಬೆಲೆಯುಂಟು, ನಿಯಮವಿಲ್ಲ. ಪ್ರಸಾದ ನಿಲಯದಲ್ಲಿ ಬೆಲೆಯಿಲ್ಲ, ನಿಯಮವುಂಟು. ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ಶರಣರು ಬಹಳ ಹಿಂದೆಯೇ ತಿಳಿಸಿಕೊಟ್ಟಿದ್ದಾರೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಹಾಗಾಗಿ ಪ್ರಸಾದ ನಿಲಯದ ಹುಡುಗ ಗಿರಾಕಿಯೂ ಅಲ್ಲ, ಭಿಕ್ಷುಕನೂ ಅಲ್ಲ.

ತುಮಕೂರಿನ ಸಿದ್ಧಗಂಗೆಯಲ್ಲಿ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ಈ ಅರ್ಥವನ್ನು ಅದರ ಕೊನೆಯವರೆಗೆ ಕೊಂಡೊಯ್ದರು. ಜಾತಿಮತಗಳನ್ನು ಕೇಳದೆ ಸುಮಾರು 10,000 ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಮೂರನ್ನೂ ಕೊಟ್ಟರು. 111 ವರ್ಷಗಳ ತುಂಬುಬಾಳನ್ನು ಮುಗಿಸಿ 2019ರ ಜನವರಿ 21ರಂದು ಅವರು ಲಿಂಗೈಕ್ಯರಾದರು. ಆ ದಿನವನ್ನು ಕರ್ನಾಟಕ ಸರ್ಕಾರ ‘ದಾಸೋಹ ದಿನ’ವೆಂದು ಆಚರಿಸಲು ತೀರ್ಮಾನಿಸಿತು. ಇಲ್ಲಿ ಒಂದು ಕಟುಮಾತನ್ನು ಹೇಳದೆ ಇರಲಾರೆ. ಸಮಾಜದ ಮಕ್ಕಳಿಗೆಂದು ನಿಲಯ ಕಟ್ಟುವುದು ಒಂದು ಕಾಲದ ಅನಿವಾರ್ಯವಾಗಿತ್ತು, ಅದನ್ನು ಕಟ್ಟಿದವರು ಪೂಜ್ಯರು. ಆದರೆ ಅದರೊಳಗೂ ಒಳಪಂಗಡವನ್ನು ಕೇಳಿ ಕೊಠಡಿ ಹಂಚುವುದಾದರೆ, ಫಲಕದ ಮೇಲೆ ಬಸವಣ್ಣನವರ ಹೆಸರನ್ನು ಬರೆಯುವುದು ಹೇಗೆ? ಕಲ್ಯಾಣದ ಮಹಾಮನೆಯ ಬಾಗಿಲಲ್ಲಿ ಒಳಪಂಗಡದ ವಿಚಾರಣೆ ನಡೆಯಿತೆಂದು ಯಾವ ಪುರಾಣವೂ ಹೇಳುವುದಿಲ್ಲ.

ಮತ್ತೆ ಕರಾವಳಿಗೆ ಬರೋಣ. ಕಾಪುವಿನ ದೀಪಸ್ತಂಭ ಕಡಲಿಗೆ ಬೆಳಕು ತೋರಲಾರಂಭಿಸಿದುದು 1901ರಲ್ಲಿ. ಅದರ ಸುತ್ತಣ ಹಳ್ಳಿಗಳಿಂದ, ಇಡೀ ತುಳುನಾಡಿನಿಂದ, ಬಡತನದ ಕಾರಣಕ್ಕೆ ಓದನ್ನು ಅರ್ಧದಲ್ಲಿ ಬಿಟ್ಟು ಮುಂಬಯಿಗೆ ಹೋದ ಹುಡುಗರ ಲೆಕ್ಕವಿಟ್ಟವರಿಲ್ಲ. ಅವರಲ್ಲಿ ಅನೇಕರಿಗೆ ಸಿಕ್ಕಿದ ಮೊದಲ ಕೆಲಸ ಹೋಟೆಲಿನಲ್ಲಿ ಲೋಟ ತೊಳೆಯುವುದು, ಮೇಜು ಒರೆಸುವುದು. ಊಟ ಅಲ್ಲಿಯೇ. ರಾತ್ರಿ ಗಿರಾಕಿಗಳು ಹೋದ ಮೇಲೆ ಅದೇ ಬೆಂಚುಗಳನ್ನು ಜೋಡಿಸಿಕೊಂಡು ನಿದ್ದೆಯೂ ಅಲ್ಲಿಯೇ. ಸಂಜೆಯ ಹೊತ್ತು ಬಿಡುವು ಮಾಡಿಕೊಂಡು ಅವರು ಮುಂಬಯಿಯ ಕನ್ನಡ ರಾತ್ರಿಶಾಲೆಗಳಿಗೆ ಹೋದರು. ಕೈಯಲ್ಲಿ ಸಾಂಬಾರಿನ ವಾಸನೆ ಆರುವ ಮೊದಲೇ ಲೇಖನಿ ಹಿಡಿದು ಮೆಟ್ರಿಕ್ ಮುಗಿಸಿದರು. ಕೆಲವರು ಪದವೀಧರರಾದರು, ವಕೀಲರಾದರು, ತಾವೇ ಹೋಟೆಲುಗಳ ಮಾಲೀಕರಾದರು. ಒಳ್ಳೆಯ ಧಣಿ ಸಿಕ್ಕಿದ ಹುಡುಗನಿಗೆ ಹೋಟೆಲೇ ಹಾಸ್ಟೆಲಾಯಿತು. ಧಣಿ ಒಳ್ಳೆಯವನಲ್ಲದಿದ್ದರೆ ಅವನ ಪಾಲಿಗೆ ಅದು ಯಾವ ಮನೆಯೂ ಆಗಲಿಲ್ಲ. ಕಟ್ಟಡ ಒಂದೇ, ಬೆಂಚು ಒಂದೇ. ಶಾಲೆಯ ಹೊತ್ತಿಗೆ ಹುಡುಗನನ್ನು ಬಿಟ್ಟು ಕೊಡುವ ಮನುಷ್ಯನೊಬ್ಬ ಗಲ್ಲಾಪೆಟ್ಟಿಗೆಯ ಹಿಂದೆ ಇದ್ದನೇ ಇಲ್ಲವೇ ಎಂಬುದರಲ್ಲಿ ಭೇದವೆಲ್ಲ ಅಡಗಿತ್ತು.

ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ 42 ಅಡಿ ಎತ್ತರದ ಬಾಹುಬಲಿಯನ್ನು ನೋಡಲು ಹೋಗುವವರು, ಆ ಊರಿನಲ್ಲಿ ‘ದಾನಶಾಲೆ’ ಎಂಬ ಸ್ಥಳವಿರುವುದನ್ನೂ ಗಮನಿಸಬೇಕು. ಅಲ್ಲಿನ ಜೈನ ಮಠಕ್ಕೆ ದಾನಶಾಲಾ ಮಠವೆಂದೇ ಹೆಸರು. ಜೈನರು ದಾನವನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ: ಆಹಾರ, ಔಷಧ, ಶಾಸ್ತ್ರ, ಅಭಯ. ನಾನು ಇಷ್ಟು ಹೊತ್ತು ಲ್ಯಾಟಿನ್ನು, ಫ್ರೆಂಚು ಎಂದು ಸುತ್ತಿ ಬಂದುದು ವ್ಯರ್ಥವೇನೋ ಎನಿಸುವಂತೆ ಈ ನಾಲ್ಕು ಪದಗಳಲ್ಲಿ ಎಲ್ಲವೂ ಇದೆ. ಆಹಾರವನ್ನು ಹೋಟೆಲು ತೆಗೆದುಕೊಂಡಿತು. ಔಷಧವನ್ನು ಆಸ್ಪತ್ರೆ ತೆಗೆದುಕೊಂಡಿತು. ಶಾಸ್ತ್ರವನ್ನು ಕಾಲೇಜು ತೆಗೆದುಕೊಂಡಿತು. ಉಳಿದುದು ಅಭಯ. ಇಲ್ಲಿ ನಿನಗೆ ಹೆದರಿಕೆಯಿಲ್ಲ, ನಿನ್ನ ಹೊಣೆ ನಮ್ಮದು ಎಂಬ ಮಾತು. ಹಾಸ್ಟೆಲು ಎಂಬ ಪದದಲ್ಲಿ ಉಳಿದಿರುವ ಆ ಒಂದು ಅಕ್ಷರಕ್ಕೆ ಕನ್ನಡದಲ್ಲಿ ಅರ್ಥ ಹೇಳುವುದಾದರೆ ನಾನು ಅಭಯವೆಂದೇ ಹೇಳುವೆ.

ಈ ಭೇದ ಈಚಿನ ವರ್ಷಗಳಲ್ಲಿ ತೆರಿಗೆಯ ಅಧಿಕಾರಿಗಳನ್ನೂ ನ್ಯಾಯಾಲಯವನ್ನೂ ಕಾಡಿತು. ಸರಕು ಮತ್ತು ಸೇವಾ ತೆರಿಗೆಯಲ್ಲಿ ವಾಸದ ಮನೆಗೆ ವಿನಾಯಿತಿಯುಂಟು, ಹೋಟೆಲಿಗೆ ಇಲ್ಲ. ಹಾಗಾದರೆ ಹಾಸ್ಟೆಲು ಮನೆಯೋ ಹೋಟೆಲೋ? ಬೆಂಗಳೂರಿನ ಪ್ರಕರಣವೊಂದರಲ್ಲಿ ತೆರಿಗೆಯ ಪ್ರಾಧಿಕಾರದವರು ಅದು ವಾಸದ ಮನೆಯಲ್ಲವೆಂದರು. 2022ರ ಫೆಬ್ರವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ, ವಿದ್ಯಾರ್ಥಿಗಳೂ ದುಡಿಯುವವರೂ ದೀರ್ಘಕಾಲ ವಾಸಿಸುವ ಹಾಸ್ಟೆಲು ವಾಸದ ಮನೆಯೇ ಎಂದು ತೀರ್ಪಿತ್ತಿತು. ಮರುವರ್ಷ ಇನ್ನೊಂದು ಪ್ರಕರಣದಲ್ಲಿ ಪ್ರಾಧಿಕಾರದವರು ಖಾಸಗಿ ಹಾಸ್ಟೆಲು, ಪೀಜಿಗಳ ಬಾಡಿಗೆಗೆ ಶೇಕಡಾ 12ರ ತೆರಿಗೆ ಸಲ್ಲಬೇಕೆಂದರು. ಕೊನೆಗೆ 2024ರ ಜೂನ್ ತಿಂಗಳಲ್ಲಿ ತೆರಿಗೆ ಮಂಡಲಿಯು ಒಂದು ಅಳತೆಗೋಲನ್ನು ಹಾಕಿತು: ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿಗಳನ್ನು ಮೀರದೆ, ಕನಿಷ್ಠ 90 ದಿನ ಎಡೆಬಿಡದೆ ಇರುವುದಾದರೆ ತೆರಿಗೆಯಿಲ್ಲ. ಅತಿಥಿ ಎಂಬ ಪದಕ್ಕೆ, ಬರುವ ತಿಥಿ ಗೊತ್ತಿಲ್ಲದವನು ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಈಗ ಸರ್ಕಾರವೇ ತಿಥಿ ಎಣಿಸಿ, ತೊಂಬತ್ತು ದಿನ ಉಳಿದವನನ್ನು ಮನೆಯವನೆಂದು ಒಪ್ಪಿಕೊಳ್ಳುತ್ತಿದೆ. ಇನ್ನು ಪೀಜಿ ಎಂಬ ಎರಡಕ್ಷರದ ವಿಸ್ತಾರ ‘ಪೇಯಿಂಗ್ ಗೆಸ್ಟ್’, ಅಂದರೆ ಹಣ ತೆರುವ ಅತಿಥಿ! ಇದಕ್ಕೆ ನಮ್ಮ ಅಜ್ಜಂದಿರು ಏನೆನ್ನುತ್ತಿದ್ದರೋ.

ಮಣಿಪಾಲದಲ್ಲಿ ಇನ್ನೊಂದು ಸ್ವಾರಸ್ಯವುಂಟು. ಅಲ್ಲಿ ಹೋಟೆಲು ನಿರ್ವಹಣೆಯನ್ನೇ ಕಲಿಸುವ ಹೆಸರಾಂತ ಕಾಲೇಜು ಇದೆ. ಅದರ ವಿದ್ಯಾರ್ಥಿಗಳು ಹಗಲು ಅತಿಥಿಗಳನ್ನು ಉಪಚರಿಸುವ ವಿದ್ಯೆಯನ್ನು ಕಲಿತು, ರಾತ್ರಿ ಹಾಸ್ಟೆಲಿನಲ್ಲಿ ಮಲಗುತ್ತಾರೆ. ಇಂದಿನ ಖಾಸಗಿ ಹಾಸ್ಟೆಲುಗಳಾದರೋ ಹೋಟೆಲುಗಳಂತೆಯೇ ಸಜ್ಜಾಗುತ್ತಿವೆ: ತಂಪು ಗಾಳಿಯ ಯಂತ್ರ, ಬಟ್ಟೆ ಒಗೆಯುವ ಯಂತ್ರ, ಊಟದಲ್ಲಿ ನಾಲ್ಕು ಆಯ್ಕೆ. ಇವು ಬೇಡವೆನ್ನಲು ನಾನು ಯಾರು? ಆದರೆ ಪ್ರವೇಶದ ವೇಳೆ ತಂದೆತಾಯಂದಿರು ಕೊಠಡಿಯ ಅಳತೆ ನೋಡುತ್ತಾರೆ, ಹಾಸಿಗೆ ಮುಟ್ಟಿ ನೋಡುತ್ತಾರೆ, ಊಟದ ಪಟ್ಟಿ ಓದುತ್ತಾರೆ. ಇವೆಲ್ಲ ಹೋಟೆಲಿನಲ್ಲಿ ಕೇಳಬೇಕಾದ ಪ್ರಶ್ನೆಗಳು.

ಬಾಗಲಕೋಟೆ ಕಡೆಯ ಓದುಗ ತಾಯಿಯೊಬ್ಬರು ಮೊನ್ನೆ ಪತ್ರ ಬರೆದಿದ್ದರು. ಮಗಳಿಗೆ ಮಣಿಪಾಲದಲ್ಲಿ ಸೀಟು ಸಿಕ್ಕಿದೆ, ಕಾಲೇಜಿನ ಹಾಸ್ಟೆಲಿಗಿಂತ ಹೊರಗಿನ ಪೀಜಿ ಚೆನ್ನಾಗಿದೆಯೆಂದು ಗೆಳತಿಯರು ಹೇಳುತ್ತಿದ್ದಾರಂತೆ, ಎರಡಕ್ಕೂ ಖರ್ಚು ಹೆಚ್ಚು ಕಡಿಮೆ ಒಂದೇ ಆದರೆ ಭೇದವೇನು, ಯಾವುದರಲ್ಲಿ ಇರಿಸಲಿ ಎಂಬುದು ಅವರ ಪ್ರಶ್ನೆ. ಯಾವುದರಲ್ಲಿ ಎಂದು ಇಲ್ಲಿ ಕುಳಿತು ಹೇಳುವುದು ಉಚಿತವಲ್ಲ. ಒಳ್ಳೆಯ ಪೀಜಿಯ ಯಜಮಾನಿತಿ ತಾಯಿಯಂತೆ ನೋಡಿಕೊಂಡ ಉದಾಹರಣೆಗಳೂ ಇವೆ, ನಿಲಯಪಾಲಕರ ಮುಖವನ್ನೇ ನೋಡದ ಹಾಸ್ಟೆಲುಗಳೂ ಇವೆ. ಆದರೆ ಕಾನೂನಿನಲ್ಲಿ ಒಂದು ಭೇದವಿದೆ. ರ್‍ಯಾಗಿಂಗ್ ತಡೆಗಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಶಿಕ್ಷಣ ಸಂಸ್ಥೆಯ ಹಾಸ್ಟೆಲಿನ ನಿಲಯಪಾಲಕರು ಹಗಲಿರುಳೂ ವಿದ್ಯಾರ್ಥಿಗಳಿಗೆ ದೊರೆಯುವಂತಿರಬೇಕು, ದೂರವಾಣಿಯಲ್ಲಿಯೂ ಸಿಗಬೇಕು. ಪೀಜಿಯ ಯಜಮಾನರಿಗೆ ಈ ನಿಯಮದ ಕಟ್ಟಿಲ್ಲ.

ಆದುದರಿಂದ ಆ ತಾಯಿ ಎರಡೂ ಕಡೆಗೆ ಹೋಗಿ ನಾಲ್ಕು ಮಾತು ಕೇಳಿ ಬರಲಿ. ಮಗಳು ರಾತ್ರಿ ಒಂಬತ್ತಾದರೂ ಬಾರದಿದ್ದರೆ ಅದನ್ನು ಮೊದಲು ಗಮನಿಸುವವರು ಯಾರು? ಎರಡು ದಿನ ಊಟಕ್ಕೆ ಇಳಿಯದಿದ್ದರೆ ಮೇಲೆ ಹೋಗಿ ಬಾಗಿಲು ತಟ್ಟುವವರು ಯಾರು? ನಡುರಾತ್ರಿ ಜ್ವರ ಏರಿದರೆ ಎದುರಿನ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಅವರ ದೂರವಾಣಿ ಸಂಖ್ಯೆ ಯಾವುದು? ಪರೀಕ್ಷೆಯಲ್ಲಿ ಸೋತು ಮಗು ಅಳುತ್ತ ಕುಳಿತರೆ ಅದು ಯಾರಿಗೆ ತಿಳಿಯುತ್ತದೆ? ಈ ಪ್ರಶ್ನೆಗಳಿಗೆ ಒಬ್ಬ ವ್ಯಕ್ತಿಯ ಹೆಸರನ್ನು ಉತ್ತರವಾಗಿ ಹೇಳುವ ಕಡೆಯಲ್ಲಿ ಮಗಳನ್ನು ಇರಿಸಲಿ. ಹೆಸರಿನ ಬದಲಿಗೆ ಕ್ಯಾಮರಾ ಇದೆ, ಬೆರಳಚ್ಚಿನ ಯಂತ್ರವಿದೆ ಎಂದರೆ ಇನ್ನೊಂದು ಕಡೆಗೆ ಹೋಗಿ ಕೇಳಲಿ.